ಗರುಡ ೬೪ರ ಅನುಭವಸ್ಥರು

ಅಮೃತಪ್ಪನವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅವರು ಕೆಲಸ ಮಾಡುವ ನಿಗಮದ ಕಚೇರಿಯಲ್ಲಿ ಒಂದಿತ್ತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಹೋದ ಮೇಲೂ ಕಾಣುವುದು ಹೂವಿನ ಚಿತ್ತಾರದ ಗವುಸು ಮಾತ್ರ. ಆದರೂ ಮನೆಬಳಕೆಯ ಹಳೆಯ ಕಂಪ್ಯೂಟರುಗಳ ಬಗ್ಗೆ, ಟೀವಿಗೆ ಜೋಡಿಸುವ ಆಟದ ಪೆಟ್ಟಿಗೆಗಳ ಬಗ್ಗೆ ಇವರಷ್ಟು ಕಾಗದ ಕೂಡಿಟ್ಟವರು ಹೈದರಾಬಾದಿನಲ್ಲಿ, ಬಹುಶಃ ಇಡೀ ದಖ್ಖನ್ನಿನಲ್ಲೇ, ಇನ್ನೊಬ್ಬರಿರಲಿಲ್ಲ. ಯಂತ್ರಗಳನ್ನು ಬೇರೆಯವರು ಕೊಂಡರು, ಕೆಡಿಸಿದರು, ಗುಜರಿಗೆ ಹಾಕಿದರು. ಅವುಗಳ ಜಾಹೀರಾತು ಅಮೃತಪ್ಪನವರ ಹತ್ತಿರ ಉಳಿಯಿತು.

ಪ್ರತಿ ಜನವರಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಜನ ಮಿರ್ಚಿ ಭಜಿ ತಿನ್ನುತ್ತ ಶಾಲು ಚೌಕಾಸಿ ಮಾಡುತ್ತಿದ್ದರೆ, ಅಮೃತಪ್ಪ ಮಳಿಗೆಯಿಂದ ಮಳಿಗೆಗೆ ಕೈ ಚಾಚಿಕೊಂಡು ಹೋಗುತ್ತಿದ್ದರು. ಮಾರುವವರು ಇವರ ಮುಖ ನೋಡಿದೊಡನೆ ಇದು ಕೊಳ್ಳುವ ಆಸಾಮಿಯಲ್ಲ ಎಂದು ತಿಳಿದು, ಬೇಗ ತೊಲಗಲಿ ಎಂದು ಒಂದು ಕರಪತ್ರ ಕೊಡುತ್ತಿದ್ದರು. ಇನ್ನೂ ನಿಂತಿದ್ದರೆ ಇನ್ನೊಂದು. ಹೀಗೆ ತಾಳ್ಮೆಯೊಂದನ್ನೇ ಬಂಡವಾಳ ಮಾಡಿಕೊಂಡು ಅವರು ಹದಿನಾರು ಪುಟದ ಬಣ್ಣದ ಪುಸ್ತಿಕೆಗಳನ್ನೂ ಸ್ಟಿಕ್ಕರುಗಳನ್ನೂ ಗೋಡೆಯ ಚಿತ್ರಗಳನ್ನೂ ಸಂಪಾದಿಸಿದರು. ಒಂದೊಂದಕ್ಕೂ ನಡುವೆ ತೆಳುಗಾಗದ, ಮೂಲೆಮೂಲೆಗೆ ಬೇವಿನೆಲೆ. ಇಟ್ಟ ಜಾಗ ಅಲ್ಮಾರಿ. ಅಲ್ಮಾರಿ ಮಾತ್ರ ಅವರದಲ್ಲ. ಅದು ಹೆಂಡತಿ ಶರಣಬಸಮ್ಮನ ಮದುವೆಯಲ್ಲಿ ಹುಮನಾಬಾದಿನ ತವರಿನಿಂದ ಲಾರಿಯಲ್ಲಿ ಬಂದದ್ದು. ಆಕೆಯ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಇದು ಅನ್ಯಾಯವೆಂದು ಅವರಿದ್ದ ನಾರಾಯಣಗೂಡದ ಇಡೀ ವಠಾರ ಒಪ್ಪಿತ್ತು. ಮೇಲಿನ ಮನೆಯ ಗಿರಿಜಾಬಾಯಿಯಂತೂ ಬಾಲ್ಕನಿಯಿಂದ ಬಗ್ಗಿ ದಿನಕ್ಕೊಮ್ಮೆ ಅದನ್ನು ಖಚಿತಪಡಿಸಿಕೊಳ್ಳುತ್ತಿದ್ದರು.

ಜೂನ್ ತಿಂಗಳ ಒಂದು ಭಾನುವಾರ ಟ್ರಂಕಿನಲ್ಲಿ ಇಲಿ ಹೊಕ್ಕಿತು.

"ನನ್ನ ಇಳಕಲ್ ಸೀರಿ ತಿಂದೈತಿ," ಎಂದಳು ಶರಣಬಸಮ್ಮ, ಸೆರಗಿನ ತೂತಿನೊಳಗಿಂದ ಗಂಡನನ್ನು ನೋಡುತ್ತ. "ನಿಮ್ಮ ಕಾಗದಕ್ಕ ಒಂದು ಹಲ್ಲು ಸುದ್ದಾ ಹಚ್ಚಿಲ್ಲ. ಯಾಕಂದ್ರ ಅವು ಮಹಾರಾಜನಂಗ ನನ್ನ ಅಲ್ಮಾರ್ಯಾಗ ಕುಂತಾವ."

"ಏ, ಇದು ಇತಿಹಾಸ ಐತಿ."

"ಇತಿಹಾಸ ಅಂದ್ರ ಓದಾವ್ರು ಇರ್ತಾರ. ಇದನ್ನ ಯಾರು ಓದ್ತಾರ? ದಸರಾದ ತನಕ ಟೈಮ್ ಕೊಟ್ಟೀನಿ. ಈ ಕಾಗದ ನೋಡಬೇಕಂತ ತಾನಾಗೇ ಬಂದು, ಕುಂತು, ಕಡೀತನಕ ನೋಡೋ ಒಬ್ಬ ಮನುಷ್ಯಾನ್ನ ನನಗ ತೋರಸ್ರಿ. ಒಬ್ರು ಸಾಕು, ನಾ ಭಾಳ ಕೇಳಂಗಿಲ್ಲ. ಇಲ್ಲಾಂದ್ರ ಆಯುಧಪೂಜಿ ಹಿಂದಿನ ದಿನ ರದ್ದಿಯಾಂವನ್ನ ಕರಸ್ತೀನಿ."

ಷರತ್ತು ಸಣ್ಣದು. ಆದರೆ ಅರ್ಧ ಕೋಟಿ ಜನರಿದ್ದ ಊರಿನಲ್ಲಿ ಆ ಒಬ್ಬ ಮನುಷ್ಯ ಸಿಗಲಿಲ್ಲ. ಕಚೇರಿಯ ಗೆಳೆಯರೊಬ್ಬರು ಆಟದ ಪೆಟ್ಟಿಗೆಯ ಪುಸ್ತಿಕೆಯೊಂದನ್ನು ಬಹಳ ಪ್ರೀತಿಯಿಂದ ಕೇಳಿ ಪಡೆದರು. ಊಟದ ಹೊತ್ತಿಗೆ ಅದರ ಮೇಲೆ ಅವರ ಚಪಾತಿ ಇತ್ತು. ಗಿರಿಜಾಬಾಯಿ ಒಂದನ್ನು ತಿರುವಿ ನೋಡಿ, "ಇದ್ರಾಗ ಅಡಗಿ ಮಾಡೂದು ಬರದಿಲ್ಲೇನ್ರಿ?" ಎಂದು ಮರಳಿಸಿದರು.

ಆಗ ಅಮೃತಪ್ಪನವರಿಗೆ ಅಮೀರ್‌ಪೇಟ್ ಹೊಳೆಯಿತು.

ಅದು ಸಾವಿರದೊಂಬೈನೂರ ತೊಂಬತ್ತೊಂಬತ್ತು. ಇಸವಿ ಎರಡು ಸಾವಿರ ಹುಟ್ಟಿದ ಕ್ಷಣಕ್ಕೆ ಹಳೆಯ ಕಂಪ್ಯೂಟರುಗಳಿಗೆಲ್ಲ ವರ್ಷದ ಲೆಕ್ಕ ತಪ್ಪಿ ತಲೆ ಕೆಡುತ್ತದೆ, ವಿಮಾನಗಳು ಉದುರುತ್ತವೆ, ಅದನ್ನು ಸರಿಪಡಿಸಲು ಅಮೆರಿಕಕ್ಕೆ ಲಕ್ಷಗಟ್ಟಲೆ ಹುಡುಗರು ಬೇಕು ಎಂದು ಜಗತ್ತು ನಂಬಿತ್ತು. ಆ ನಂಬಿಕೆಗೆ ವೈ-ಟು-ಕೆ ಎಂದು ಹೆಸರು. ಅದರ ಕಾಶಿ ಅಮೀರ್‌ಪೇಟ್. ಮಹಡಿಗೆ ನಾಲ್ಕು ಇನ್‌ಸ್ಟಿಟ್ಯೂಟ್, ಮೆಟ್ಟಿಲಿಗೊಂದು ಹಾಸ್ಟೆಲ್ ಬೋರ್ಡು. ಕಂಪ್ಯೂಟರಿಗಾಗಿ ಜನ ಊಟ ಬಿಟ್ಟು ನಿಂತಿರುವ ಜಾಗದಲ್ಲಿ ಕಂಪ್ಯೂಟರಿನ ಇತಿಹಾಸಕ್ಕೆ ಒಬ್ಬ ಓದುಗ ಸಿಗದಿರುತ್ತಾನೆಯೇ ಎಂದು ಅಮೃತಪ್ಪ ಯೋಚಿಸಿದರು. ಅವರ ಜೀವನದ ಎಲ್ಲ ತಪ್ಪುಗಳೂ ಹೀಗೆ ಒಳ್ಳೆಯ ತರ್ಕದಿಂದಲೇ ಹುಟ್ಟಿದವು.

ಸಂಗ್ರಹದ ರತ್ನವಾದ 'ಗರುಡ ೬೪' ಎಂಬ ಮನೆ ಕಂಪ್ಯೂಟರಿನ ಪುಸ್ತಿಕೆಯನ್ನು ಹಿಡಿದುಕೊಂಡು ಅವರು ಅಲ್ಲಿನ ಸೀತಾರಾಮನೆಂಬವನ ಜೆರಾಕ್ಸ್ ಅಂಗಡಿಗೆ ಹೋದರು. ಮೊದಲ ಹಾಳೆಯ ಮೇಲೆ ದುಂಡಗೆ ತಮ್ಮ ಹೆಸರು, ಮನೆಯ ವಿಳಾಸ, ಕೆಳಗೆ 'ಆಸಕ್ತರು ಬಂದು ಕಾಣಬಹುದು' ಎಂದು ಇಂಗ್ಲಿಷಿನಲ್ಲಿ ಬರೆದು, ಕೆಲವು ಪ್ರತಿ ತೆಗೆದಿಡಲು ಹೇಳಿದರು.

"ಸಾಯಂತ್ರಂ ರಂಡಿ ಸಾರ್," ಎಂದು ತೆಲುಗಿನಲ್ಲೇ ಸಂಜೆಗೆ ಬರಹೇಳಿದ ಸೀತಾರಾಮ, ತಲೆ ಎತ್ತದೆ.

ಇಲ್ಲಿ ಸೀತಾರಾಮನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಯಾರು ಏನನ್ನೇ ಜೆರಾಕ್ಸಿಗೆ ಕೊಡಲಿ, ಒಂದು ಪ್ರತಿ ಹೆಚ್ಚಿಗೆ ತೆಗೆದು, ಸ್ಪೈರಲ್ ಹಾಕಿ, ಅಂಗಡಿಯ ಮುಂದಿನ ಹಗ್ಗಕ್ಕೆ ತೂಗುಬಿಡುವುದು ಅವನ ಪದ್ಧತಿ. ಅದರಲ್ಲಿ ಕಳ್ಳತನದ ಭಾವನೆ ಇರಲಿಲ್ಲ. ಇಡೀ ಬೀದಿ ಓದುತ್ತಿದ್ದುದೇ ಹಾಗೆ. ಯಾವ ಮೇಷ್ಟ್ರು ಯಾವ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿದ್ದೂ ಮರುದಿನ ಆ ಹಗ್ಗದ ಮೇಲಿರುತ್ತಿತ್ತು. ಆ ಬೀದಿಯಲ್ಲಿ ನೋಟ್ಸಿಗೆ ವಿಷಯದ ಹೆಸರಿಲ್ಲ, ಮೇಷ್ಟ್ರ ಹೆಸರಷ್ಟೇ. ಹುಡುಗರು ಬಂದು "ಹೊಸದೇನು ಬಂತು?" ಎನ್ನುವರು. ಸೀತಾರಾಮ ಬೆರಳು ತೋರುವನು. ಒಬ್ಬ ಕೊಂಡರೆ ಅವನ ಕೋಣೆಯ ಆರು ಜನರೂ ಕೊಳ್ಳುವರು, ಏಕೆಂದರೆ ಅವನಿಗೆ ಏನೋ ಗೊತ್ತಿರಬೇಕು. ಅವನು ಕೊಂಡದ್ದೂ ಇನ್ನೊಬ್ಬನಿಗೆ ಏನೋ ಗೊತ್ತಿರಬೇಕೆಂದೇ.

ಸಂಜೆಯ ಹೊತ್ತಿಗೆ 'ಅಮೃತಪ್ಪ ಸರ್ ನೋಟ್ಸ್' ಹಗ್ಗದ ಮೇಲಿತ್ತು. ಹಳೆಯ ಕಂಪ್ಯೂಟರ್, ಯಾರೂ ಕೇಳದ ಹೆಸರು, ಮೇಲೆ ಮೇಷ್ಟ್ರ ಖಾಸಗಿ ವಿಳಾಸ. ಆ ವರ್ಷ ಅದಕ್ಕಿಂತ ಹೆಚ್ಚಿನ ಅರ್ಹತೆ ಬೇಕಿರಲಿಲ್ಲ. ವಾರ ಕಳೆಯುವುದರೊಳಗೆ ಸೀತಾರಾಮ ಎರಡನೇ ಮಷೀನು ತರಿಸಿದ.

ಮುಂದಿನ ಭಾನುವಾರ ಬೆಳಿಗ್ಗೆ ಅಮೃತಪ್ಪನವರ ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಬಿದ್ದಿದ್ದವು. ಮುಂದಾಳು ಪರಮೇಶ, ಸೇಡಂ ಕಡೆಯ ಹುಡುಗ. ಬಿ.ಎಸ್ಸಿ. ಮುಗಿಸಿ ಹಾಸ್ಟೆಲಿನಲ್ಲಿದ್ದುಕೊಂಡು ಮೂರನೇ ಕೋರ್ಸು ಮಾಡುತ್ತಿದ್ದವನು. ಬಂದವನೇ ಕಾಲಿಗೆ ಬಿದ್ದ.

"ಸರ್, ಗರುಡದ ಸಲುವಾಗಿ ಬಂದೀವ್ರಿ."

ಅಮೃತಪ್ಪ ಅವನ ಭುಜ ಹಿಡಿದು ಎಬ್ಬಿಸಿದರು. ಹೆಂಡತಿಯ ಕಡೆ ತಿರುಗಿ, ದಂಡೆತ್ತಿ ಗೆದ್ದು ಬಂದವರಂತೆ ನೋಡಿದರು. ಶರಣಬಸಮ್ಮ ಒಗ್ಗರಣೆಯ ಸೂಸಲ ಮಾಡಲು ಮಂಡಾಳು, ಎಂದರೆ ಮಂಡಕ್ಕಿ, ನೆನೆಹಾಕಿದಳು.

ಅಮೃತಪ್ಪ ಅಲ್ಮಾರಿ ತೆರೆದರು. ಗರುಡದ ಮೂಲ ಪುಸ್ತಿಕೆ ಹೊರಬಂತು. ಮುಖಪುಟದ ನೀಲಿ ಎಂಥ ನೀಲಿ, ಶಿವಕಾಶಿಯ ಅಚ್ಚೇ ಅಥವಾ ಮುಂಬಯಿಯದೇ ಎಂಬ ಬಗ್ಗೆ ತಮ್ಮ ಸ್ವಂತ ಅಭಿಪ್ರಾಯವನ್ನು ವಿವರಿಸಿದರು. ನಾಲ್ವರೂ ಬರೆದುಕೊಂಡರು.

"ಸರ್, ಇಂಟರ್‌ವ್ಯೂದಾಗ ಇದು ಬರ್ತದೇನ್ರಿ?" ಎಂದ ಪರಮೇಶ.

"ಯಾವುದು?"

"ನೀಲಿ."

"ಇಲ್ಲಪಾ, ಇದು ಸೌಂದರ್ಯ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನವನೊಬ್ಬ 'ಸೌಂದರ್ಯ' ಎಂದು ಬರೆದು ಕೆಳಗೆ ಗೆರೆ ಎಳೆದ.

"ಇದಕ್ಕ ವೈ-ಟು-ಕೆ ತೊಂದರಿ ಐತೇನ್ರಿ?"

"ವೈ-ಟು-ಕೆ ಏನು ಬಂತೋ ತಮ್ಮಾ? ಇದು ಯಾವ ವರ್ಷದಾಗೂ ಚಾಲೂ ಆಗಂಗಿಲ್ಲ."

ಹುಡುಗರ ಮುಖ ಗಂಭೀರವಾಯಿತು. ಉಳಿದ ಯಂತ್ರಗಳಿಗೆ ಒಂದು ವರ್ಷದಲ್ಲಿ ತೊಂದರೆ, ಇದಕ್ಕೆ ಎಲ್ಲ ವರ್ಷಗಳಲ್ಲೂ. ಎಂದರೆ ಕೆಲಸ ಎಂದಿಗೂ ಮುಗಿಯುವುದಿಲ್ಲ. ಅವರು ಸೂಸಲ ತಿಂದು, ಮತ್ತೆ ಕಾಲಿಗೆ ಬಿದ್ದು, ಸುದ್ದಿ ಹರಡಲು ಓಡಿದರು.

"ಕಂಡೀ ಏನು? ನಾಕು ಮಂದಿ!" ಎಂದರು ಅಮೃತಪ್ಪ.

"ಕಂಡೆ. ಒಬ್ಬಾಂವರ ಆ ಚಿತ್ರ ನೋಡಿದನೇನು? ನಿಮ್ಮ ಬಾಯಿ ನೋಡಾಕತ್ತಿದ್ರು. ಅವ್ರು ನೋಡಾಕ ಬಂದಾವ್ರಲ್ಲ, ಪಾಸಾಗಾಕ ಬಂದಾವ್ರು. ಲೆಕ್ಕಕ್ಕ ಬರಂಗಿಲ್ಲ."

ಹೀಗೆ ಭಾನುವಾರಗಳು ಕಳೆದವು. ಚಪ್ಪಲಿಗಳು ಮೆಟ್ಟಿಲಿಳಿದು ರಸ್ತೆಗೆ ಬಂದವು. ಮಂಡಾಳು ಮೂಟೆಯಲ್ಲಿ ಬರತೊಡಗಿತು. ಲೆಕ್ಕಕ್ಕೆ ಮಾತ್ರ ಒಬ್ಬರೂ ಬರಲಿಲ್ಲ. ವಠಾರದವರು ಅಮೃತಪ್ಪ ಅಮೆರಿಕಕ್ಕೆ ಹೊರಟರೆಂದು ತೀರ್ಮಾನಿಸಿದರು. ಗಿರಿಜಾಬಾಯಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ತಂದಿಟ್ಟು, "ನಮ್ಮ ಭಾವನ ಮಗ ಅಲ್ಲೇ ಇರ್ತಾನ್ರಿ, ದಾರ್‍ಯಾಗ ಸಿಕ್ರ ಕೊಡ್ರಿ," ಎಂದರು. ಹೋಗುತ್ತಿಲ್ಲ ಎಂದು ಅಮೃತಪ್ಪ ಎಷ್ಟು ಹೇಳಿದರೂ, "ವೀಸಾ ಬರೋತನಕ ಯಾರೂ ಹೇಳಂಗಿಲ್ಲ ಬಿಡ್ರಿ," ಎಂದು ಕಣ್ಣು ಮಿಟುಕಿಸಿದರು.

ಕಚೇರಿಗೂ ಸುದ್ದಿ ಮುಟ್ಟಿತು. ಮ್ಯಾನೇಜರ್ ಸಾಹೇಬರು ಕರೆಸಿ ಮೊದಲ ಸಲ ಕುರ್ಚಿ ತೋರಿಸಿದರು. "ನಮ್ಮಲ್ಲೇ ಇಂಥ ಪಂಡಿತರಿದ್ದೀರಿ, ಒಂದು ಮಾತು ಹೇಳಬಾರದಾ? ನಮ್ಮ ಕಂಪ್ಯೂಟರಿಗೆ ವೈ-ಟು-ಕೆ ತೊಂದರೆ ಇಲ್ಲ ಎಂದು ಮೇಲಿನವರಿಗೆ ಬರೆದು ಕೊಡಬೇಕಾಗಿದೆ. ಇಂದಿನಿಂದ ನೀವೇ ಅದರ ಅಧಿಕಾರಿ." ಅಮೃತಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಎಲ್ಲರ ಸಮಕ್ಷಮದಲ್ಲಿ ಹೂವಿನ ಗವುಸನ್ನು ಎತ್ತಿದರು. ಕೆಳಗೆ ಮಾನಿಟರ್ ಮಾತ್ರ ಇತ್ತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಯಾವ ಕಾಲದಲ್ಲೋ ದುರಸ್ತಿಗೆಂದು ಒಯ್ದವರು ತಂದಿರಲಿಲ್ಲ. ಅಮೃತಪ್ಪ ಗವುಸನ್ನು ಮೆಲ್ಲಗೆ ಮುಚ್ಚಿ, ಈ ಕಂಪ್ಯೂಟರಿಗೆ ಯಾವ ತೊಂದರೆಯೂ ಇಲ್ಲವೆಂದು ಸಹಿ ಹಾಕಿದರು. ಆ ವರ್ಷ ಇಡೀ ರಾಜ್ಯದಲ್ಲಿ ಅಷ್ಟು ಪ್ರಾಮಾಣಿಕವಾದ ಪ್ರಮಾಣಪತ್ರ ಇನ್ನೊಂದಿದ್ದಿರಲಾರದು.

ಸೆಪ್ಟೆಂಬರಿನಲ್ಲಿ ಯಾದಗಿರಿ ರೆಡ್ಡಿ ಬಂದರು. ಅಮೀರ್‌ಪೇಟಿನ 'ಫ್ಯೂಚರ್ ಗೇಟ್' ಇನ್‌ಸ್ಟಿಟ್ಯೂಟಿನ ಮಾಲೀಕರು. ಮೊದಲು ಬೋರ್‌ವೆಲ್ ಕೊರೆಯುವ ವ್ಯಾಪಾರ. ಒಳಗೆ ಏನಿದೆಯೆಂದು ಗೊತ್ತಿಲ್ಲದೆಯೂ ಜನರಿಗೆ ಭರವಸೆ ಹೇಳುವ ವಿದ್ಯೆ ಅಲ್ಲಿಂದಲೇ ಬಂದದ್ದು. ಸೇಬಿನ ಬುಟ್ಟಿ, ಶಾಲು, ಎರಡೂ ತಂದಿದ್ದರು.

"ಒಂದು ಡೆಮೊ ಕ್ಲಾಸ್ ಸಾರ್. ಗರುಡ ಬ್ಯಾಚ್ ಓಪನ್ ಮಾಡ್ತೀವಿ. ಹುಡುಗರು ಹುಚ್ಚರಾಗಿದ್ದಾರೆ ಸಾರ್."

"ರೆಡ್ಡಿಯವರೇ, ಆ ಮಷೀನು ಇಲ್ಲ."

"ಲ್ಯಾಬ್ ಬೇಡ ಸಾರ್, ಥಿಯರಿ ಸಾಕು."

"ಕಲಿಸೋದಕ್ಕೆ ಏನೂ ಇಲ್ಲ."

ರೆಡ್ಡಿ ಶರಣಬಸಮ್ಮನ ಕಡೆ ತಿರುಗಿ, "ಅಮ್ಮಾ, ದೊಡ್ಡವರು ಹೀಗೇ. ಎಲ್ಲ ಇಟ್ಟುಕೊಂಡು ಏನೂ ಇಲ್ಲ ಅಂತಾರೆ," ಎಂದು ಕೈ ಮುಗಿದರು.

ಅಮೃತಪ್ಪ ಲೆಕ್ಕ ಹಾಕಿದರು. ದಸರಾ ಬಾಗಿಲಲ್ಲಿತ್ತು. ಸಭಾಂಗಣದ ತುಂಬ ಜನ, ದೊಡ್ಡ ಪರದೆಯ ಮೇಲೆ ಗರುಡದ ನೀಲಿ. ನೂರಾರು ಕಣ್ಣುಗಳಲ್ಲಿ ಒಂದು ಜೊತೆಯಾದರೂ ಚಿತ್ರದ ಮೇಲೆ ನಿಲ್ಲದಿರುತ್ತದೆಯೇ? ಪುಸ್ತಿಕೆಯ ಪುಟಗಳನ್ನೆಲ್ಲ ಪರದೆಯ ಮೇಲೆ ತೋರಿಸಬೇಕು, ತಾವು ಸತ್ಯವನ್ನೇ ಹೇಳುತ್ತೇವೆ ಎಂಬ ಎರಡು ಷರತ್ತು ಹಾಕಿದರು. ಮೊದಲನೆಯದಕ್ಕೆ ರೆಡ್ಡಿ ಒಪ್ಪಿದರು. ಎರಡನೆಯದಕ್ಕೆ ನಕ್ಕರು.

ಡೆಮೊದ ದಿನ ಕುರ್ಚಿಗಳು ಸಾಲದೆ ಹುಡುಗರು ಕಿಟಕಿಯಲ್ಲಿ ಕುಳಿತಿದ್ದರು. ಶರಣಬಸಮ್ಮ ಪಂಚಾಯಿತಿ ಮಾಡಲು ಬಂದ ಹಿರಿಯಳಂತೆ ಕೊನೆಯ ಸಾಲಿನಲ್ಲಿದ್ದಳು. ಪರದೆ ಬೆಳಗಿತು. ಗರುಡ ೬೪ ರೆಕ್ಕೆ ಬಿಚ್ಚಿ ಬಂತು. ಸ್ವೆಟರ್ ಹಾಕಿದ ತಂದೆ, ನಗುವ ಮಕ್ಕಳು, ಮೇಲೆ 'ನಾಳೆ ನಿಮ್ಮ ಮನೆಗೆ ಇಂದೇ' ಎಂಬ ಘೋಷಣೆ.

ಅಮೃತಪ್ಪ ಗಂಟಲು ಸರಿಮಾಡಿಕೊಂಡರು. ಇಂಗ್ಲಿಷಿನಲ್ಲಿ ಆರಂಭಿಸಿ, ಹಿಂದಿಯಲ್ಲಿ ಎಡವಿ, ತೆಲುಗಿನಲ್ಲಿ ಎದ್ದು ಅವರು ಹೇಳಿದ್ದರ ಸಾರ ಇಷ್ಟು. ಹದಿಮೂರು ವರ್ಷದ ಹಿಂದೆ ಎಕ್ಸಿಬಿಷನ್ನಿನಲ್ಲಿ ಈ ಯಂತ್ರವನ್ನು ಗಾಜಿನೊಳಗಿಟ್ಟು ತೋರಿಸುತ್ತಿದ್ದರು. ಪಕ್ಕದ ಟೀವಿಯಲ್ಲಿ ಅದರ ಬಣ್ಣದ ಆಟಗಳು ಓಡುತ್ತಿದ್ದವು. ಬಿದ್ದ ಸ್ಟಿಕ್ಕರೊಂದನ್ನು ಎತ್ತಿಕೊಳ್ಳಲು ತಾವು ಬಗ್ಗಿದಾಗ ಮೇಜಿನ ಪರದೆಯ ಹಿಂದೆ ಒಬ್ಬ ಮನುಷ್ಯ ಭಜಿ ತಿನ್ನುತ್ತ ಕುಳಿತಿದ್ದ. ಅವನ ತೊಡೆಯ ಮೇಲೆ ವಿಡಿಯೋ ಪ್ಲೇಯರ್ ಇತ್ತು. ಟೀವಿಯ ತಂತಿ ಅದರಿಂದ ಬರುತ್ತಿತ್ತು. ಗರುಡ ಖಾಲಿ ಡಬ್ಬಿ. ಮುಂದಿನ ಎಕ್ಸಿಬಿಷನ್ನಿಗೆ ಕಂಪನಿಯೇ ಇರಲಿಲ್ಲ. ಆದ್ದರಿಂದ, ಮಕ್ಕಳೇ, ಗರುಡ ಎಂದರೆ ಈ ಕಾಗದ. ಇದನ್ನು ಕಾಗದವೆಂದೇ ನೋಡಿ, ಎಷ್ಟು ಚೆಂದವಿದೆ.

ರೆಡ್ಡಿಯವರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು, ಓಡಲು ಜಾಗವಿದೆಯೇ ನೋಡಿಕೊಂಡರು. ಮೂರನೇ ಸಾಲಿನಿಂದ ಪರಮೇಶ ಎದ್ದ.

"ಸರ್, ಹಂಗಾರ ಇದರ ಮ್ಯಾಲೆ ಖರೇ ಕೆಲಸ ಮಾಡಿದಾವ್ರು ದೇಶದಾಗ ಒಬ್ರೂ ಇಲ್ಲೇನ್ರಿ?"

"ಒಬ್ರೂ ಇಲ್ಲಪಾ."

"ಇಂಟರ್‌ವ್ಯೂ ತಗೊಳ್ಳೋರಿಗೂ ಗೊತ್ತಿರಂಗಿಲ್ಲ?"

"ಹ್ಯಾಂಗ ಗೊತ್ತಿರ್ತದೋ? ಇಲ್ಲದ ಮಷೀನು!"

ಪರಮೇಶ ನಿಧಾನವಾಗಿ ಸಭೆಯ ಕಡೆ ತಿರುಗಿ ಅದನ್ನು ತೆಲುಗಿಗೆ ತಂದ. ಅವನು ಮುಗಿಸುವ ಮೊದಲೇ ಚಪ್ಪಾಳೆ ಸಿಡಿಯಿತು. ಇದರ ಕಾರಣ ಹೊರಗಿನವರಿಗೆ ಹೇಳಬೇಕು. ಆ ಬೀದಿಯಲ್ಲಿ ಪ್ರತಿಯೊಬ್ಬನ ಬಯೋಡೇಟಾದಲ್ಲೂ ಮಾಡದ ಕೆಲಸದ ಮೂರು ವರ್ಷದ ಅನುಭವ ಇರುತ್ತಿತ್ತು. ಇಂಟರ್‌ವ್ಯೂನಲ್ಲಿ ಆ ಕೆಲಸ ಬಲ್ಲವನೊಬ್ಬ ಕುಳಿತು ಮೂರು ಪ್ರಶ್ನೆಗೆ ಸಿಕ್ಕಿಹಾಕಿಸುತ್ತಿದ್ದ. ಸುಳ್ಳು ಹೇಳಿದರೆ ಯಾರೂ ಹಿಡಿಯಲಾಗದ ಯಂತ್ರಕ್ಕಾಗಿ ಅಮೀರ್‌ಪೇಟ್ ವರ್ಷಗಟ್ಟಲೆ ತಪಸ್ಸು ಮಾಡಿತ್ತು. ಅದು ಇಂದು ಪ್ರತ್ಯಕ್ಷವಾಗಿತ್ತು.

"ಲೆಜೆಂಡ್ ಸಾರ್ ನೀವು!" ಎಂದು ರೆಡ್ಡಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಸಭಾಂಗಣ ಖಾಲಿಯಾಗಿ ಎಲ್ಲರೂ ಕೆಳಗೆ ಹೆಸರು ಬರೆಸುವ ಕಿಟಕಿಯ ಮುಂದೆ ನೂಕಾಡುತ್ತಿದ್ದರು. ಪರದೆಯ ಮೇಲೆ ಗರುಡ ಒಂಟಿಯಾಗಿ ಹೊಳೆಯುತ್ತಿತ್ತು.

"ಒಬ್ಬಾಂವ ಸುದ್ದಾ ಹಿಂದಕ್ಕ ತಿರುಗಿ ನೋಡ್ಲಿಲ್ಲ," ಎಂದಳು ಶರಣಬಸಮ್ಮ, ಆಟೋದಲ್ಲಿ.

ಅಮೃತಪ್ಪ ಮತ್ತೆ ಆ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಲಿಸಲು ಏನೂ ಇಲ್ಲದ ಕೋರ್ಸಿಗೆ ಮೇಷ್ಟ್ರ ಕೊರತೆ ಆಗಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ರದ್ದಿಯವನು ತಕ್ಕಡಿಯೊಂದಿಗೆ ಬಂದು ಬಾಗಿಲಲ್ಲಿ ಕುಳಿತ. ಅಮೃತಪ್ಪ ಸ್ನಾನ ಮಾಡಿ, ಯಾರದೋ ಅಂತ್ಯಸಂಸ್ಕಾರಕ್ಕೆ ಹೊರಟವರಂತೆ ಬಿಳಿ ಅಂಗಿ ತೊಟ್ಟು, ಮೇಲಿನ ಕಪಾಟಿನಿಂದ ಒಂದೊಂದೇ ಕಟ್ಟು ಇಳಿಸತೊಡಗಿದರು. ಶರಣಬಸಮ್ಮ ಟ್ರಂಕ್ ತೆರೆದು ಸೀರೆ ಕೊಡವುತ್ತಿದ್ದಳು. ಗಿರಿಜಾಬಾಯಿ ಒಳ್ಳೆಯ ನೋಟ ಸಿಗುವಂತೆ ಮೆಟ್ಟಿಲ ಮೇಲೆ ಬಂದು ನಿಂತಿದ್ದರು.

ಆಗ ಪರಮೇಶ ಓಡಿಬಂದ. ಟೈ ಕಟ್ಟಿದ್ದ. ಕೈಯಲ್ಲಿ ಪೇಡಾ ಇತ್ತು. ಮುಖದಲ್ಲಿ ಮಾತ್ರ ಪೇಡಾ ತಂದವನ ಕಳೆ ಇರಲಿಲ್ಲ.

"ಸರ್, ನೌಕರಿ ಆತ್ರಿ. ಗರುಡದಾಗ ಮೂರು ವರ್ಷ ಅನುಭವ ಅಂತ ಹೇಳಿದ್ದೆ."

"ಭೇಷ್. ಮತ್ಯಾಕ ಹಿಂಗ ನಡುಗಾಕತ್ತಿ?"

"ಇಂಟರ್‌ವ್ಯೂ ತಗೊಂಡ ಮೇಡಂ ತಾವೂ ಅದರಾಗ ಐದು ವರ್ಷ ಮಾಡೀನಿ ಅಂದ್ರು ಸರ್! ಸೋಮವಾರದಿಂದ ನಾನೂ ಅವ್ರೂ ಕೂಡಿ ಯಾವುದೋ ಕಂಪನಿ ಗರುಡ ಸರಿ ಮಾಡಬೇಕಂತ."

"ಆ ಕಂಪನ್ಯಾಗ ಗರುಡ ಎಲ್ಲಿಂದ ಬಂತು?"

"ಮೇಡಂ ಕೇಳಿದ್ದಕ್ಕ ಆ ಕಂಪನಿಯಾವ್ರು 'ಹೌದು, ನಮ್ಮಲ್ಲಿ ಭಾಳ ಅದಾವ' ಅಂದಾರಂತ. ಸರ್, ದಯಮಾಡಿ ಆ ಪುಸ್ತಕ ತೋರಸ್ರಿ. ಜೆರಾಕ್ಸ್‌ನ್ಯಾಗ ಎಲ್ಲಾ ಕರ್‍ರಗ ಬಂದೈತಿ. ಬಣ್ಣದ್ದು ಬೇಕು."

ಅವನು ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತ. ಕೀಲಿಗಳನ್ನು ಬೆರಳಿಟ್ಟು ಎಣಿಸಿದ. ತಂದೆಯ ಸ್ವೆಟರಿನ ಹಿಂದಿನಿಂದ ಹಾಯುವ ತಂತಿ ಎಲ್ಲಿಗೆ ಹೋಗುತ್ತದೆಂದು ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ನೀಲಿಯ ಬಗ್ಗೆ ತಾನಾಗಿ ಕೇಳಿದ. ಶರಣಬಸಮ್ಮನ ಕೈಯಲ್ಲಿ ಸೀರೆ ಹಾಗೇ ನಿಂತಿತು.

ಹೊರಗೆ ಆಟೋ ನಿಂತ ಸದ್ದು. ತಂಪು ಕನ್ನಡಕದ ಹೆಂಗಸೊಬ್ಬಳು ರದ್ದಿಯವನ ತಕ್ಕಡಿ ದಾಟಿ ಬಂದಳು.

"ಅಮೃತಪ್ಪ ಸರ್ ಮನಿ ಇದೇ ಏನ್ರಿ? ನಾ ಸುಹಾಸಿನಿ, ಮೂಲ ಧಾರವಾಡ. ಗರುಡದಾಗ ಭಾಳ ವರ್ಷ ಕೆಲಸ ಮಾಡೀನಿ. ಸುಮ್ನ, ಒಂದು ಸಲ ನೆನಪು ಮಾಡ್ಕೋಬೇಕಾಗಿತ್ತು..."

ಕನ್ನಡಕ ತೆಗೆದಳು. ನೆಲದ ಮೇಲಿನ ಪರಮೇಶ ಕಂಡ. ಪರಮೇಶನ ಟೈ ಬಿಗಿಯಾದಂತೆ ಕಂಡಿತು.

"ರಿವಿಜನ್ನಾ?" ಎಂದಳು ಸುಹಾಸಿನಿ.

"ಹೌದ್ರಿ ಮೇಡಂ, ರಿವಿಜನ್. ತಾವೂ...?"

"ರಿವಿಜನ್."

ಅವಳು ಸೀರೆ ಒತ್ತಿಕೊಂಡು ಎದುರಿಗೆ ಕುಳಿತಳು. ಇಬ್ಬರೂ ಪುಸ್ತಿಕೆಯ ಮೇಲೆ ಬಗ್ಗಿದರು.

"ಸ್ವಿಚ್ ಹಿಂದ ಇತ್ತಲ್ಲ?" ಎಂದಳು ಅವಳು, ಸಹಜವೆಂಬಂತೆ.

"ನೀವು ಮಾಡೋ ಕಾಲಕ್ಕ ಹಿಂದ ಇತ್ತೇನೋ ಮೇಡಂ," ಎಂದ ಪರಮೇಶ. "ನನ್ನ ಕಾಲಕ್ಕ ಬಾಜೂಕ ಬಂದಿತ್ತು."

"ಹಾಂ, ಬಾಜೂಕ. ಆಮ್ಯಾಲೆ ಬಾಜೂಕ ಮಾಡಿದ್ರು."

ಕೊನೆಯ ಪುಟ ಬಂತು. ಸುಹಾಸಿನಿ ಮೂಲೆಯ ತೀರ ಸಣ್ಣ ಅಕ್ಷರಗಳನ್ನೂ ಓದಿ ಮುಗಿಸಿ, ಅಮೃತಪ್ಪ ಇಳಿಸಿಟ್ಟಿದ್ದ ಕಟ್ಟುಗಳ ಕಡೆ ನೋಡಿದಳು. "ಸರ್, ಇವು ಬ್ಯಾರೆ ಮಷೀನಾ? ಯಾರೂ ಕೇಳದಂಥಾವು ಅವೇನ್ರಿ? ಅವುಗಳ ಮ್ಯಾಲೂ ನನಗ ಅನುಭವ ಐತಿ."

"ನನಗೂ ಐತ್ರಿ," ಎಂದ ಪರಮೇಶ, ಕೂಡಲೇ.

ಅಮೃತಪ್ಪ ಹೆಂಡತಿಯ ಮುಖ ನೋಡಿದರು. ತಾನಾಗೇ ಬಂದು, ಕುಂತು, ಕಡೀತನಕ. ಶರಣಬಸಮ್ಮ ಆಡಿದ ಮಾತಿಗೆ ತಪ್ಪದ ಹೆಂಗಸು. ಒಬ್ಬರನ್ನು ಕೇಳಿದ್ದಳು, ಇಬ್ಬರು ಕುಳಿತಿದ್ದರು. ಅವಳು ಸೀರೆಯನ್ನು ಮಡಚಿ ಬಾಗಿಲಿಗೆ ಬಂದಳು.

"ತೂಗಲಾ ಅಮ್ಮಾ?" ಎಂದ ರದ್ದಿಯವನು.

"ನೀ ಹೋಗಪಾ," ಎಂದಳು ಶರಣಬಸಮ್ಮ. "ಇವರಿಗೆ ಅನುಭವ ಭಾಳ ಐತಿ. ಮುಗಿಯಾಕ ದೀಪಾವಳಿ ಆಗ್ತದ."